ಎಮ್ಮೆ ಬೊಗಳಿದ್ದು ಯಾರ ತಪ್ಪು

ತನಗೆ ಬಾರದ ವಿದ್ಯೆಯನ್ನು ಕಲಿಸುವಷ್ಟು ಹಗುರವಾದ ಕೆಲಸ ಇನ್ನೊಂದಿಲ್ಲ. ಬಲ್ಲವನಿಗೆ ಅನುಮಾನಗಳಿರುತ್ತವೆ, ನನಗೆ ಒಂದೂ ಇರಲಿಲ್ಲ. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಸಿದ್ದು ಈ ಬಲದ ಮೇಲೆಯೇ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಹೊರಗೆ ಮಳೆ ಸುರಿಯುತ್ತಿತ್ತು ಎಂದು ನೆನಪು. ಆದರೆ ಕಥೆ ಚಂದ ಕಾಣಲಿ ಎಂದು ಸಿಕ್ಕಲ್ಲೆಲ್ಲ ಮಳೆ ಸುರಿಸುವ ಚಟ ನನ್ನ ನೆನಪಿಗಿದೆ. ಮಳೆಯನ್ನು ಬಿಟ್ಟುಬಿಡಿ.

ಇನ್‌ಸ್ಟಿಟ್ಯೂಟು ಅಪ್ಪ ಕಟ್ಟಿದ್ದು. ತೊಂಬತ್ತರ ದಶಕದಲ್ಲಿ ಹನ್ನೆರಡು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವಾಗ ಕೆಳಗಿನ ಬಟ್ಟೆ ಅಂಗಡಿಯವರು ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯಾಪಾರ ಮುಗಿಸುತ್ತಿದ್ದರು. ಅಪ್ಪನ ಸೂತ್ರ ಒಂದೇ: "ಮೂಲದಾಗ ಇದ್ದಂಗ ಹೊಡೀರಿ. ಅರ್ಥ ನಿಮ್ಮ ಕೆಲಸ ಅಲ್ಲ." ಮೂಲದಲ್ಲಿ ಇಲ್ಲದ ಒಂದು ಚುಕ್ಕೆ ಬಿದ್ದರೂ ಅರ್ಧ ಅಂಕ ಕಡಿತ. ಅಪ್ಪ ತೀರಿಕೊಂಡರು. ವಿದ್ಯಾರ್ಥಿಗಳು ಕಂಪ್ಯೂಟರ್ ಕಡೆ ಹೋದರು. ಕೊನೆಗೆ ಉಳಿದವರು ಐದು ಜನ, ಅವರ ಪೈಕಿ ಉಣಕಲ್ಲಿನ ಗಿರಿಜಕ್ಕ ಒಬ್ಬರೇ ದಿನಾ ಬರುತ್ತಿದ್ದವರು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ, ನಲವತ್ತು ದಾಟಿದವರು. ಯಂತ್ರದ ಮುಂದೆ ಕೂತರೆ ಬೆರಳು ಕಾಣದಷ್ಟು ವೇಗ.

ಬಾಗಿಲು ಹಾಕುವುದೊಂದೇ ಬಾಕಿ ಎನ್ನುವಾಗ ನಾನೊಂದು ಕಂಪ್ಯೂಟರ್ ತಂದೆ, ಬ್ರಾಡ್‌ಬ್ಯಾಂಡ್ ಹಾಕಿಸಿದೆ, ಅಪ್ಪನ ಬೋರ್ಡಿನ ಕೆಳಗೆ ಆ ಉದ್ದನೆಯ ವಿಷಯದ ಹೆಸರು ಬರೆಸಿದೆ. ಅದರ ಅರ್ಥ ಬೋರ್ಡು ಬರೆದವನಿಗೆ ಗೊತ್ತಿರಲಿಲ್ಲ, ಬರೆಸಿದವನಿಗೂ ಗೊತ್ತಿರಲಿಲ್ಲ. ಬೋರ್ಡಿನ ಬಣ್ಣ ಒಣಗುವ ಮೊದಲೇ ಪಾಟೀಲರು ಮೆಟ್ಟಿಲು ಹತ್ತಿ ಬಂದರು. ಒಂದು ಖಾಸಗಿ ಶಾಲೆಯ ಚೇರ್ಮನ್ನರು. ಮನೆಯಲ್ಲಿ ಹದಿನಾಲ್ಕು ಎಮ್ಮೆ.

"ಮಾಸ್ತರ, ನಮ್ಮ ಸಾಲಿ ಹುಡುಗೂರನ್ನ ನಿಮ್ಮ ಕಡೆ ಕಳಸ್ತೇನಿ. ಆದ್ರ ಮೊದಲ ಒಮ್ಮೆ ಮಾಡಿ ತೋರಸ್ರಿ. ಮುಂದಿನ ಸೋಮವಾರ ಬರ್ತೇನಿ."

ಆ ಹುಡುಗರು ಬಂದರೆ ಅಪ್ಪನ ಬೋರ್ಡು ಉಳಿಯುತ್ತದೆ, ಇಲ್ಲದಿದ್ದರೆ ಬಟ್ಟೆ ಅಂಗಡಿಯ ಗೋದಾಮು ಮೇಲಕ್ಕೆ ಬರುತ್ತದೆ. ಎಂಟು ದಿನಗಳಲ್ಲಿ ನಾನು ವಿದ್ಯಾವಂತನಾಗಬೇಕಿತ್ತು.

ಅಂತರ್ಜಾಲದಲ್ಲಿ ಒಬ್ಬ ಗುರು ಸಿಕ್ಕ. ಮುಖ ತೋರಿಸುತ್ತಿರಲಿಲ್ಲ, ಪರದೆಯ ಮೇಲೆ ಓಡಾಡುವ ಒಂದು ಬಾಣ, ಒಂದು ದನಿ, ಅಷ್ಟೇ. ವಿಡಿಯೊ ಮೂರು ನಿಮಿಷ ಓಡಿ ನಿಲ್ಲುತ್ತಿತ್ತು, ನಡುವೆ ಒಂದು ಚಕ್ರ ತಿರುಗುತ್ತಿತ್ತು. ಮೊದಲ ದಿನ ಆ ಚಕ್ರವೂ ಪಾಠದ ಭಾಗವೆಂದು ತಿಳಿದು ನೋಟ್ಸಿನಲ್ಲಿ ಚಿತ್ರ ಬರೆದುಕೊಂಡೆ. ಗುರು ಹೇಳಿದ್ದು ಇಷ್ಟು: ಕ್ಲಾಸ್ ಎಂಬುದೊಂದು ನಮೂನೆ, ಆಬ್ಜೆಕ್ಟ್ ಎಂದರೆ ಅದರಂತೆ ಮಾಡಿದ ವಸ್ತು. ನಾನಿದನ್ನು ಗಂಭೀರವಾಗಿ ಓದಿ ಹೇಳಿದಾಗ ಗಿರಿಜಕ್ಕ, "ಅಂದ್ರ ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಮಾಡೋ ಅಚ್ಚು ಇದ್ದಂಗ ಅನ್ರಿ ಸರ್. ಅಚ್ಚು ಒಂದ, ಗೊಂಬಿ ಎಷ್ಟ ಬೇಕಷ್ಟ" ಎಂದರು.

"ಪಾಠದಾಗ ಸಕ್ಕರಿ ಇಲ್ರಿ ಗಿರಿಜಕ್ಕ. ಮುಂದ ಹೊಡೀರಿ" ಎಂದೆ.

ಹೊಡೆಯುವುದು ಎಂದರೆ ನಿಜವಾಗಿಯೂ ಹೊಡೆಯುವುದೇ. ಕಂಪ್ಯೂಟರ್ ಒಂದು, ಜನ ಐದು. ಆದ್ದರಿಂದ ವಿಡಿಯೊ ನಿಂತಾಗ ಪರದೆಯಿಂದ ಪ್ರೋಗ್ರಾಮನ್ನು ನಾನು ಹಾಳೆಗೆ ಇಳಿಸುತ್ತಿದ್ದೆ. ಐವರೂ ಅದನ್ನು ಟೈಪ್‌ರೈಟರಿನಲ್ಲಿ ತಪ್ಪಿಲ್ಲದೆ ಹೊಡೆಯಬೇಕು. ಪ್ರೋಗ್ರಾಮಿಗೆ ಬೇಕಾದ ಬಳುಕಿದ ಕಂಸಗಳು ಯಂತ್ರದಲ್ಲಿರಲಿಲ್ಲ. ಸಾದಾ ಕಂಸ ಹೊಡೆದು ಪೆನ್ನಿನಿಂದ ಸೊಂಟ ಬಳುಕಿಸಿದರು. ನಾಲ್ಕು ದಿನಗಳಲ್ಲಿ ನಿಮಿಷಕ್ಕೆ ನಲವತ್ತು ಪದಗಳ ವೇಗದಲ್ಲಿ, ಏನೆಂದು ಅರಿಯದೆ ಪ್ರೋಗ್ರಾಮ್ ಹೊಡೆಯಬಲ್ಲ ಐದು ಮಂದಿ ಹುಬ್ಬಳ್ಳಿಯಲ್ಲಿ ತಯಾರಾದರು.

ಪಾಠದ ಕೊನೆಗೆ ಒಂದು ಉದಾಹರಣೆಯಿತ್ತು. ಮೇಲೆ 'ಪ್ರಾಣಿ' ಎಂಬ ಕ್ಲಾಸು, ಅದರ ಕೆಳಗೆ 'ನಾಯಿ', 'ಹಸು'. ಹಿರಿಯರಲ್ಲಿ ಇರುವುದೆಲ್ಲ ಬರೆಯದೆಯೇ ಕಿರಿಯರಿಗೆ ಬರುತ್ತದೆ. 'ಕೂಗು' ಎಂದು ಆಜ್ಞೆ ಕೊಟ್ಟರೆ ಆ ಪ್ರಾಣಿಯ ಕೂಗು ಪರದೆಯ ಮೇಲೆ ಅಕ್ಷರದಲ್ಲಿ ಮೂಡುತ್ತದೆ. ಪಾಟೀಲರಿಗೆ ಖುಷಿಯಾಗಲೆಂದು ನಾನು ಹಸುವನ್ನು ತೆಗೆದು ಎಮ್ಮೆ ಹಾಕಿದೆ. ಎಮ್ಮೆಗೆ ಬೇರೆ ಕೂಗು ಬರೆಯಲಿಲ್ಲ. ಸಂಸ್ಕಾರ ಹಿರಿಯರಿಂದ ತಾನೇ ಬಂದೀತು ಎಂಬ ಭರವಸೆ.

ಸೋಮವಾರ ಪಾಟೀಲರು ಬಂದು ಕುರ್ಚಿ ಎಳೆದು ಕೂತರು. ಗಿರಿಜಕ್ಕ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹೊಡೆದರು. ನಾನು ಎಮ್ಮೆಗೆ ಕೂಗಲು ಹೇಳಿದೆ.

ಪರದೆಯ ಮೇಲೆ ಬಂತು: ಬೌ ಬೌ.

ಪಾಟೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾಸ್ತರ, ಎಮ್ಮಿ ಬೊಗಳಿತಲ್ರಿ."

"ಇದರಾಗ ಹಂಗ ರೀ" ಎಂದೆ. "ಇದು ಸುಧಾರಿತ ಪದ್ಧತಿ."

"ಮೂವತ್ತ ವರ್ಷ ಆತು ಎಮ್ಮಿ ಕಟ್ಟಾಕತ್ತಿ. ಒದ್ದಾವು, ಹಾಯ್ದಾವು, ಒಮ್ಮೆ ನನ್ನ ಧೋತ್ರಾನೂ ತಿಂದಾವು. ಬೊಗಳಿಲ್ಲ."

ಗಿರಿಜಕ್ಕ ಒಂದು ಸಾಲನ್ನು ಅಳಿಸಿ ಮತ್ತೆರಡನ್ನು ಹೊಡೆದರು. 'ಪ್ರಾಣಿಯ ಕೆಳಗೆ ನಾಯಿ' ಎಂದಿರಬೇಕಾದದ್ದು 'ನಾಯಿಯ ಕೆಳಗೆ ಪ್ರಾಣಿ' ಎಂದಾಗಿತ್ತು. ಜಗತ್ತಿನ ಸಕಲ ಜೀವಿಗಳೂ ನಾಯಿಯ ವಂಶಕ್ಕೆ ಸೇರಿದ್ದವು, ಪಾಟೀಲರೂ ನಾನೂ ಸೇರಿ. ಮತ್ತೆ ಓಡಿಸಿದರು. ಎರಡನೆಯ ಸಾಲಿನಲ್ಲಿ ಗಿರಿಜಕ್ಕ ಪ್ರಾಣಿಗೊಂದು ಖಾಲಿ ಕೂಗು ಕೊಟ್ಟಿದ್ದರು, ಎಮ್ಮೆಗೂ ಅದೇ ಬಂದು ಅದು ಈಗ ಏನೂ ಹೇಳಲಿಲ್ಲ. ಖಾಲಿ ಪರದೆ.

"ಹಾಂ! ಸುಮ್ಮನ ನಿಂತೈತಿ ನೋಡ್ರಿ, ಇದು ಖರೇ ಎಮ್ಮಿ!" ಎಂದು ಪಾಟೀಲರು ತೊಡೆ ತಟ್ಟಿದರು. "ಹುಡುಗೂರನ್ನ ಕಳಸ್ತೇನಿ. ಆದ್ರ ಪಾಠ ಈ ಅಕ್ಕಾರ ಹೇಳಬೇಕು. ನೀವು ಹಾಜರಿ ತಗೊಳ್ರಿ."

ಹೀಗೆ ಅಪ್ಪನ ಬೋರ್ಡು ಉಳಿಯಿತು, ನಾನು ಹಾಜರಿ ಮಾಸ್ತರನಾದೆ. ಈ ಕಥೆಯನ್ನು ಮದುವೆ ಮನೆಗಳಲ್ಲಿ ನೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಕಾರ್ಬನ್ನಿನ ಕೆಳಗಿನ ಪ್ರತಿಯಂತೆ ಸ್ವಲ್ಪ ಮಸುಕಾಗಿ, ಮಸುಕಾದಲ್ಲಿ ನಾನೇ ತಿದ್ದಿ ಬರೆದು. ಕೆಲವು ಪ್ರತಿಗಳಲ್ಲಿ ಎಮ್ಮೆಯನ್ನು ಸರಿಪಡಿಸಿದವನು ನಾನೇ. ಎಲ್ಲ ಪ್ರತಿಗಳಲ್ಲೂ ಇರುವ ಮಾತೊಂದೇ: ತಪ್ಪು ಆ ಮುಖವಿಲ್ಲದ ಗುರುವಿನದು.

ಮೊನ್ನೆ ಇದನ್ನೇ ಹೇಳುತ್ತಿದ್ದಾಗ ಗಿರಿಜಕ್ಕ, "ಆ ವಿಡಿಯೊ ಇನ್ನೂ ಐತ್ರಿ ಸರ್" ಎಂದು ಹಚ್ಚಿ ತೋರಿಸಿದರು. ಗುರು ಸರಿಯಾಗಿಯೇ ಬರೆದಿದ್ದಾನೆ, ಬಾಯಲ್ಲೂ ಎರಡು ಸಲ ಹೇಳಿದ್ದಾನೆ. ಕಪಾಟು ತೆಗೆದು ಹಳೆಯ ಹಾಳೆಗಳನ್ನು ಹುಡುಕಿದೆ. ನನ್ನ ಮೂಲಪ್ರತಿಯಲ್ಲೇ ಸಾಲು ತಿರುಗುಮುರುಗು. ಐವರೂ ಅದನ್ನು ಇದ್ದಂಗ ಹೊಡೆದಿದ್ದಾರೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಗಿರಿಜಕ್ಕನ ಹಾಳೆಯಲ್ಲಿ ಮಾತ್ರ, ಆ ಸಾಲಿನ ಪಕ್ಕ ಅಂಚಿನಲ್ಲಿ, ಪೆನ್ಸಿಲ್ಲಿನಿಂದ ಬರೆದ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆಯಿದೆ. ಅದರ ಸುತ್ತ ಕೆಂಪು ಶಾಯಿಯ ವೃತ್ತ. ಕೆಳಗೆ ನನ್ನದೇ ಅಕ್ಷರ: 'ಮೂಲದಲ್ಲಿ ಇಲ್ಲ. ಅರ್ಧ ಅಂಕ ಕಡಿತ.' ಅದರ ಕೆಳಗೆ ನನ್ನ ಸಹಿ. ಸಹಿಯಲ್ಲಿ ಒಂದಕ್ಷರವೂ ತಪ್ಪಿಲ್ಲ.