ಕ್ಯಾಮೆರಾಕ್ಕೆ ಕಾಣದ ಚಿಟಿಕೆ ಮಣ್ಣು

ಸುರಪುರದ ಆ ಓಣಿಗೆ ಅವತ್ತು ಬೆಂಕಿ ಬಿದ್ದದ್ದು ಅರ್ಧ ಬುಟ್ಟಿಯೂ ಆಗದ ಎಮ್ಮೆ ಸೆಗಣಿಯಿಂದ.

ದಾರಿಯಲ್ಲಿ ಬಿದ್ದ ಸೆಗಣಿಗೆ ಅಲ್ಲಿ ಹಿಂದಿನಿಂದಲೂ ಒಂದು ಕಾಯಿದೆ. ಮೊದಲು ಕಂಡವರು ಅದರ ಮೇಲೆ ಚಿಟಿಕೆ ಮಣ್ಣು ಹಾಕಿದರೆ ಮುಗಿಯಿತು, ಅದು ಅವರದು. ಯಾರ ಬಾಗಿಲ ಮುಂದೆ ಬಿದ್ದಿದ್ದರೂ, ಅವರು ಸಾವಕಾಶ ಬುಟ್ಟಿ ತರುವ ತನಕ ಬೇರೆ ಯಾರೂ ಮುಟ್ಟುವುದಿಲ್ಲ. ಅವತ್ತು ಬೆಳಿಗ್ಗೆ ದುರಗಮ್ಮ ರೇಣಮ್ಮನ ಬಾಗಿಲ ಮುಂದೆ ಹಾಗೆಯೇ ಮಣ್ಣು ಹಾಕಿ, ಬುಟ್ಟಿ ತಂದು, ಬಳಿದುಕೊಂಡು ಹೋದಳು.

ಆದರೆ ಹಿಂದಿನ ವಾರವಷ್ಟೇ ರೇಣಮ್ಮನ ಬಾಗಿಲ ಮೇಲೆ ಕ್ಯಾಮೆರಾ ಕೂತಿತ್ತು. ಕೂಡಿಸಿದವನು ಎದುರು ಮನೆಯ ಪರಮಣ್ಣ. ಅವನ ಹೊಟ್ಟೆಪಾಡೇ ಅದು. ಕ್ಯಾಮೆರಾಕ್ಕೆ ಬಳಿಯುವ ಕೈ ಕಂಡಿತು. ಚಿಟಿಕೆ ಮಣ್ಣು ಕಾಣಲಿಲ್ಲ.

"ಕಳ್ಳಿ! ನನ್ನ ಬಾಗಿಲಾಗಿನ ಹೆಂಡಿ ಬಳ್ಕೊಂಡು ಹೋಗ್ಯಾಳ! ನೋಡ್ರೆವ್ವಾ, ಫೋನಿನ್ಯಾಗ ಸಿಕ್ಕಾಳ!" ಎಂದು ರೇಣಮ್ಮ ಮನೆಮನೆಗೆ ಫೋನಿನ ಮೆರವಣಿಗೆ ಹೊರಡಿಸಿದಳು.

ಗದ್ದಲ ಕಿವಿಗೆ ಬಿದ್ದದ್ದೇ ಪರಮಣ್ಣ ಕೈಯ ಕೆಲಸ ಬಿಟ್ಟೆದ್ದ. ಅವತ್ತೇ ಸಂಜೆ ಅವನ ಎರಡನೆಯ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಆ ಓಣಿಯ ಕೂಸುಗಳೆಲ್ಲ ಈ ಇಬ್ಬರ ಕೈ ದಾಟಿಯೇ ತೊಟ್ಟಿಲು ಸೇರಿದ್ದವು. ದುರಗಮ್ಮ ತೊಟ್ಟಿಲ ಕೆಳಗಿನಿಂದ ಕೊಡಬೇಕು, ರೇಣಮ್ಮ ಆ ಕಡೆ ಇಸಕೊಂಡು ಮೇಲಿನಿಂದ ಕೊಡಬೇಕು. ಪರಮಣ್ಣನನ್ನೂ ಹಾಗೆಯೇ ದಾಟಿಸಿದ್ದರು.

ಓಡಿಹೋಗಿ ರೇಣಮ್ಮನ ಮುಂದೆ ನಿಂತ. "ಚಿಗವ್ವಾ, ಆಕಿ ಮಣ್ಣು ಹಾಕಿರತಾಳ. ಕ್ಯಾಮೆರಾಕ್ಕ ಅಷ್ಟು ಸಣ್ಣದು ಕಾಣಂಗಿಲ್ಲ."

"ಕೂಡಿಸುವಾಗ ಇರಿವಿ ಮೀಸಿನೂ ಕಾಣ್ತೈತಿ ಅಂದಿದ್ದೆಲ್ಲೋ ಖೋಡಿ!"

ದುರಗಮ್ಮನಲ್ಲಿಗೆ ಹೋದರೆ ಅವಳು ಸೆರಗು ಬಿಗಿದು ನಿಂತಿದ್ದಳು. "ಆಕಿ ನಿನ್ನ ಹೊಸ್ತಿಲಾ ತುಳದ್ರ ನಾ ತುಳಿಯಂಗಿಲ್ಲ. ಸೊಸಿಯಾಗಿ ಬಂದಾಗಿಂದ ಈ ಓಣ್ಯಾಗ ಬಾಳೇನಿ. ನಿನ್ನೆ ಬಂದ ಡಬ್ಬಿ ನನ್ನ ಕಳ್ಳಿ ಮಾಡ್ತಲ್ಲೋ ಪರಮ್ಯಾ!"

ಮಧ್ಯಾಹ್ನದ ಹೊತ್ತಿಗೆ ರೇಣಮ್ಮ ಇಡೀ ವಾರದ್ದನ್ನು ತಿರುವಿ ನೋಡಿದಳು. ಯಾರು ನುಗ್ಗೆಸೊಪ್ಪು ಹರಿದರು, ನಳದಲ್ಲಿ ಯಾರು ಸರದಿ ತಪ್ಪಿಸಿ ಕೊಡ ಹಿಡಿದರು, ಯಾರ ಗಂಡ ಯಾರ ಕಟ್ಟೆಯ ಮೇಲೆ ಕುಂತ, ಎಲ್ಲ ಹೊರಬಿತ್ತು. ಓಣಿ ಎಣ್ಣೆಗೆ ಬಿದ್ದ ಹಸಿ ಮೆಣಸಿನಕಾಯಿಯ ಹಾಗೆ ಸಿಡಿಯತೊಡಗಿತು. ತೊಟ್ಟಿಲಿಗೆ ಬರುತ್ತೇನೆಂದವರೆಲ್ಲ ಬಾಗಿಲು ಹಾಕಿಕೊಂಡರು.

ಪರಮಣ್ಣನ ಮೈ ಉರಿಯಿತು. ಶಹಾಪುರದಿಂದ ಯಾದಗಿರಿಯ ತನಕ ತಾನು ಕೂಡಿಸಿದ ಡಬ್ಬಿಗಳೆಲ್ಲ ಒಂದೊಂದು ಓಣಿಯನ್ನು ಹೀಗೇ ಸುಡುತ್ತಿರಬೇಕು ಎನಿಸಿತು. ಏಣಿ ತಂದು ಹತ್ತಿ, ರೇಣಮ್ಮ ಬೈಯುತ್ತಿದ್ದಂತೆಯೇ ಕ್ಯಾಮೆರಾ ಕಿತ್ತ.

"ಕಣ್ಣಷ್ಟೇ ಐತಿ ಇದಕ್ಕ, ಬುದ್ಧಿ ಇಲ್ಲ! ನಮ್ಮ ರಿವಾಜು ಇದಕ್ಕೇನ ಗೊತ್ತು?"

"ನಿನಗ ಗೊತ್ತಿತ್ತಲ್ಲೋ? ಮತ್ಯಾಕ ಕೂಡಿಸಿದಿ?" ಎಂದಳು ರೇಣಮ್ಮ.

ಪರಮಣ್ಣ ಡಬ್ಬಿ ಬಗಲಲ್ಲಿ ಹಿಡಿದು ಏಣಿ ಇಳಿದ. ಸಿಟ್ಟಿನಲ್ಲಿ ಊರ ಹೊರಗಿನ ತನಕ ನಡೆದು, ಡಬ್ಬಿಯನ್ನು ಹಾಳು ಬಾವಿಗೆ ಎಸೆದ. ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು.

ತನ್ನ ಮನೆಯಿಂದ ಜೋಗುಳ ಕೇಳಿಸಿತು. ಒಬ್ಬರದಲ್ಲ, ಓಣಿಯ ಹೆಂಗಸರೆಲ್ಲರ ದನಿ! ದುರಗಮ್ಮನ ಒಡಕು ಕಂಠವಿತ್ತು, ರೇಣಮ್ಮನ ಮೂಗಿನ ರಾಗವೂ ಇತ್ತು. "ಕಿತ್ತಿದ್ದಕ್ಕ ಕೂಡಿ ಬಂದಾರ!" ಎಂದು ಪರಮಣ್ಣ ಕುಣಿಯುತ್ತ ಒಳಗೆ ನುಗ್ಗಿದ.

ಒಳಗೆ ತೊಟ್ಟಿಲಿತ್ತು, ಕೂಸು ಎತ್ತಿಕೊಂಡ ಹೆಂಡತಿ ಸವಿತಾ ಇದ್ದಳು. ಮತ್ತೊಬ್ಬ ನರಪಿಳ್ಳೆ ಇರಲಿಲ್ಲ. ಹಾಡು ಬರುತ್ತಿದ್ದುದು ತೊಲೆಗೆ ಕಟ್ಟಿದ ಹೊಸ ಕ್ಯಾಮೆರಾದೊಳಗಿಂದ.

"ನಿಮ್ಮ ಸಾಮಾನಿನ್ಯಾಗಿಂದ ನಾನೇ ತಗದು ಕಟ್ಟೇನ್ರಿ," ಎಂದಳು ಸವಿತಾ. "ಎಲ್ಲಾರ ಫೋನಿಗೂ ಜೋಡಿಸೇನಿ, ತಮ್ಮ ಮನ್ಯಾಗ ಕುಂತೇ ನೋಡ್ತಾರ, ಅವರ ದನಿ ಇದರಾಗ ಬರ್ತೈತಿ. ಒಬ್ಬರ ಮಾರಿ ಒಬ್ಬರು ನೋಡೂದು ಬ್ಯಾಡ, ಜಗಳಾನೂ ಬ್ಯಾಡ. ಹಿಡೀರಿನ್ನ, ಆ ಕಡಿ ಯಾರೂ ಇಲ್ಲ."

ಪರಮಣ್ಣ ತೊಟ್ಟಿಲ ಆ ಕಡೆ ಕುಕ್ಕರುಗಾಲಲ್ಲಿ ಕುಂತ. ಹೆಂಡತಿ ಕೆಳಗಿನಿಂದ ಕೊಟ್ಟಳು.

"ಇನ್ನಾ ಬಗ್ಗಲೇ! ಮೊದಲು ಕೂಸಿನ ತಲಿ ಹಿಡಿ!" ತೊಲೆಯಿಂದ ರೇಣಮ್ಮ ಗದರಿದಳು. ಓಣಿಯ ಹೆಂಗಸರೆಲ್ಲ ಅಲ್ಲಿಂದಲೇ ಕಿಸಕ್ಕನೆ ನಕ್ಕರು.

"ಭಾಳ ಚಂದ ಕಾಣ್ತೈತಪಾ ಪರಮಣ್ಣ," ದುರಗಮ್ಮನ ದನಿ ಬಂತು. "ನಾಳಿ ನನಗೂ ಒಂದು ಕೂಡಿಸು. ಆ ರೇಣಮ್ಮನ ಬಾಗಿಲಾನೂ ಕಾಣೂ ಹಂಗ ಇರಲಿ."

ಡಬ್ಬಿಯನ್ನು ಹಿಡಿದು ಎಳೆಯಬೇಕೆಂದು ಪರಮಣ್ಣನ ಕೈಗಳು ತುರಿಸಿದವು. ಎರಡರಲ್ಲೂ ಕೂಸಿತ್ತು.