ಔಷಧಿಗೆ ಬೆರಳು ನೀಡುವಂತೆ ಕೋರಿ

ಇಂದ:
ಅಪ್ಪ,
ಹೊಲಿಗೆ ಅಂಗಡಿ (ಮನೆಯ ಮುಂದಿನ ಕೋಣೆ).

ಗೆ:
ಮಗಳು, ನಾಲ್ಕನೇ ತರಗತಿ,
ಹಾಲಿ ಮೊಕ್ಕಾಂ: ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ.

ವಿಷಯ: ತಮ್ಮ ಬಲ ಹೆಬ್ಬೆರಳಿನ ನರಹುಲಿಗೆ ಔಷಧಿ ಹಚ್ಚಲು ಅನುಮತಿ ಕೋರಿ.

ಉಲ್ಲೇಖ:
1. ಇಂದು ಬೆಳಿಗ್ಗೆ ಮೇಜಿನ ಕೆಳಗಿನಿಂದ ಹೊರಬಿದ್ದ ಆದೇಶ: “ಅಮ್ಮನ ಆಫೀಸಲ್ಲಿ ಮಾಡ್ತಾರಲ್ಲ, ಹಾಗೆ ಬರೆದು ಕೊಡಪ್ಪ. ಆಮೇಲೆ ನೋಡೋಣ.”
2. ತಮ್ಮ ತಾಯಿಯವರ ಮೌಖಿಕ ಎಚ್ಚರಿಕೆ: “ಈ ಅವಾಂತರಕ್ಕೆಲ್ಲ ನೀವೇ ಕಾರಣ. ನೀವೇ ಸರಿಮಾಡಿ.”

ಮಾನ್ಯ ಮಗಳೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೇಜಿನ ಪಕ್ಕ ಕೈಕಟ್ಟಿ ನಿಂತು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಎಂಟು ತಿಂಗಳ ಹಿಂದೆ ನನ್ನ ಹೆಬ್ಬೆರಳಿನಲ್ಲಿ, ಕತ್ತರಿಯ ಹಿಡಿ ಒತ್ತುವ ಜಾಗದಲ್ಲೇ, ಒರಟು ಗಂಟೊಂದು ತಲೆಯೆತ್ತಿತು. ಇಪ್ಪತ್ತು ವರ್ಷ ಕತ್ತರಿ ಹಿಡಿದವನಾದ ಕಾರಣ ಅದನ್ನು ಜಡ್ಡು ಎಂದು ತಿಳಿದೆನು. ತಿಳಿದು ಸುಮ್ಮನಿರಲಿಲ್ಲ. ಅಳತೆ ಕೊಡಲು ಬಂದವರಿಗೆಲ್ಲ ಬೆರಳೆತ್ತಿ, “ನೋಡಿ ಸಾರ್, ಕಸುಬಿನ ಗುರುತು. ಸುಮ್ನೆ ಬರಲ್ಲ” ಎಂದು ಕೊಚ್ಚಿಕೊಂಡೆನು. ಒಬ್ಬ ಮದುಮಗ ಮುಟ್ಟಿಯೂ ನೋಡಿದ. ಆತನ ಸದ್ಯದ ಪರಿಸ್ಥಿತಿ ತಿಳಿದುಬಂದಿಲ್ಲ.

2. ಗುರುತು ಅತಿಯಾಗಿ ಬೆಳೆದಾಗ ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಹೆರೆದೆನು. ಆದ್ದರಿಂದ ಒಂದಿದ್ದದ್ದು ನಾಲ್ಕಾಯಿತು. ಆದ್ದರಿಂದ ನನ್ನ ಜಂಬವೂ ನಾಲ್ಕು ಪಟ್ಟಾಯಿತು.

3. ತಾವು ದಿನವೂ ಆ ಗುರುತನ್ನು ಸವರುತ್ತಿದ್ದಿರಿ. ನನ್ನ ಟವೆಲಿನಲ್ಲೇ ಕೈ ಒರೆಸುತ್ತಿದ್ದಿರಿ. ಕಳೆದ ತಿಂಗಳು ತಮಗೂ ಒಂದು ಮೂಡಿ, “ಅಪ್ಪಾ, ನಂಗೂ ಬಂತು! ನಾನೂ ಟೈಲರ್!” ಎಂದು ಅಂಗಡಿಯಿಡೀ ಕುಣಿದಾಗ, ನಾನು ಹೆಮ್ಮೆಯಿಂದ ಕಣ್ಣೊರೆಸಿಕೊಂಡೆನು. ಅದೇ ಟವೆಲಿನಿಂದ.

4. ತಮ್ಮ ತಾಯಿಯವರು ನಮ್ಮಿಬ್ಬರನ್ನೂ ಚರ್ಮದ ಡಾಕ್ಟರ ಬಳಿಗೆ ಎಳೆದೊಯ್ದರು. ಡಾಕ್ಟರಮ್ಮ ಕನ್ನಡಕ ಏರಿಸಿ, “ಜಡ್ಡಾದ್ರೆ ಚರ್ಮದ ಗೆರೆ ಅದರ ಮೇಲೂ ಹಾಯ್ದು ಹೋಗುತ್ತೆ. ಇಲ್ಲಿ ಗೆರೆ ಕಡಿದುಹೋಗಿದೆ, ಒಳಗೆ ಕಪ್ಪು ಚುಕ್ಕಿ ಇದೆ. ಇದು ನರಹುಲಿ. ವೈರಸ್ಸಿಂದ ಬರೋದು, ಒಬ್ಬರಿಂದ ಒಬ್ಬರಿಗೆ ಅಂಟುತ್ತೆ” ಎಂದರು. “ಹಾಗಾದ್ರೆ ನನ್ನ ಇಪ್ಪತ್ತು ವರ್ಷದ ಅನುಭವ?” ಎಂದು ಕೇಳಿದೆನು. “ಅದಕ್ಕೆ ನನ್ನತ್ರ ಔಷಧಿ ಇಲ್ಲ” ಎಂದರು.

5. ನರಹುಲಿಗೆ ಇದೆ. ದಿನವೂ ಬೆಚ್ಚನೆ ನೀರಿನಲ್ಲಿ ಬೆರಳು ನೆನೆಸಿ, ಮೆತ್ತಗೆ ಉಜ್ಜಿ, ಅವರು ಕೊಟ್ಟ ಔಷಧಿಯನ್ನು ಗಂಟಿನ ಮೇಲೆ ಮಾತ್ರ ಹಚ್ಚಿ, ಪಟ್ಟಿ ಅಂಟಿಸುವುದು. ವಾರಗಟ್ಟಲೆ, ಬಹುಶಃ ತಿಂಗಳುಗಟ್ಟಲೆ. ಟವೆಲ್ ಬೇರೆ ಬೇರೆ. ಕೀಳುವಂತಿಲ್ಲ, ಕಚ್ಚುವಂತಿಲ್ಲ, ಬ್ಲೇಡಿನ ಹೆಸರೆತ್ತುವಂತಿಲ್ಲ.

6. ಆದರೆ ತಾವು, “ಇದು ಹೋದ್ರೆ ನಾನು ಟೈಲರ್ ಅಲ್ವಲ್ಲ” ಎಂದು ಅಳುತ್ತಾ ಮೇಜಿನ ಕೆಳಗೆ ಸೇರಿದ್ದೀರಿ. ಮಧ್ಯಾಹ್ನವಾಯಿತು, ಊಟವೂ ಆಗಿಲ್ಲ. ರೋಗ ಅಂಟಿಸಿದ್ದಕ್ಕಿಂತ, ಅದನ್ನೇ ಕಸುಬೆಂದು ನಂಬಿಸಿದ್ದಕ್ಕೆ ನನಗೆ ಹೆಚ್ಚು ನಾಚಿಕೆಯಾಗಿದೆ.

ಆದ ಕಾರಣ, ತಾವು ದಯಮಾಡಿ ಬೆರಳನ್ನಷ್ಟೇ ಹೊರಚಾಚಿದರೂ ಸಾಕು. ಇಂದಿನಿಂದಲೇ ಅಂಗಿಗೆ ಗುಂಡಿ ಹೊಲಿಯುವುದನ್ನು ಕಲಿಸಲು ಬದ್ಧನಾಗಿದ್ದೇನೆ.

ತಮ್ಮ ವಿಶ್ವಾಸ ಮರಳಿ ಬರಲೆಂದು ಕಾದಿರುವ,
ಅಪ್ಪ

ಲಗತ್ತುಗಳು:
1. ತಮಗೇ ಮೀಸಲಾದ ಹೊಸ ಟವೆಲ್, ಹಳದಿ.
2. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ. ನಾನು ಕಸುಬು ಕಲಿಯುವಾಗ ತೊಟ್ಟದ್ದು. ಚೆನ್ನಾಗಿ ಕುದಿಸಲಾಗಿದೆ.

ವಿ.ಸೂ.: ಸದರಿ ಟೋಪಿ ತಮ್ಮ ಬೆರಳಿಗೆ ಸಡಿಲವಾಗುತ್ತದೆ. ಬಟ್ಟೆಯಂತೆ ಹಿತ್ತಾಳೆಯನ್ನು ಹಿಡಿದು ಹೊಲಿದು ಬಿಗಿಮಾಡಲು ನನಗೆ ಬಾರದ ಕಾರಣ ಬೆರಳೇ ಬೆಳೆಯಬೇಕಾಗಿದೆ. ಆ ಕೆಲಸವನ್ನು ಆದಷ್ಟು ನಿಧಾನವಾಗಿ ಮಾಡಬೇಕೆಂದು ಪ್ರತ್ಯೇಕವಾಗಿ ಕೋರಲಾಗಿದೆ.