ಓರಗಿತ್ತಿ ಆರಿಸಿದ ಬಾಯ್ಲರ್

ಹೆಣ್ಣು ನೋಡಲು ಹೋದವರೂ ಹೆಣ್ಣನ್ನು ಅಷ್ಟು ನೋಡುವುದಿಲ್ಲ, ನಮ್ಮ ಓರಗಿತ್ತಿ ಒಂದು ಬಾಯ್ಲರನ್ನು ಅಷ್ಟು ನೋಡಿದಳು! ನನ್ನನ್ನು ನೋಡಲು ಬಂದ ನನ್ನ ಗಂಡ ಒಂದೇ ಸಲ ಕಣ್ಣೆತ್ತಿದ್ದು. ಅದೂ ನಾನು ತಟ್ಟೆ ಇಟ್ಟು ಬೆನ್ನು ತಿರುಗಿಸಿದ ಮೇಲೆ.

ಓರಗಿತ್ತಿ ಎಂದರೆ ನನ್ನ ಭಾವನ ಹೆಂಡತಿ. ಆಳು ತೆಂಗಿನಮರ. ನಮ್ಮ ಮನೆಯಲ್ಲಿ ಅವಳು ತಲೆ ತಗ್ಗಿಸುತ್ತಿದ್ದುದು ಬಾಗಿಲಿಗೆ ಮಾತ್ರ, ಅತ್ತೆಗೂ ಅಲ್ಲ. ನಾನು ಕುಳ್ಳಿ, ಅದರ ಮೇಲೆ ಎಡಚಿ. ದೊಡ್ಡಬಳ್ಳಾಪುರದ ಹತ್ತಿರ, ಮಧುರೆ ಕಡೆಯ ಒಂದೇ ಮನೆಗೆ ಇಬ್ಬರೂ ಸೊಸೆಯರಾಗಿ ಬಂದೆವು. ಜೊತೆಯಲ್ಲಿ ನಿಂತರೆ ಒನಕೆಯ ಪಕ್ಕ ಸೇರು ಇಟ್ಟ ಹಾಗೆ!

ನಮ್ಮ ಬಚ್ಚಲಲ್ಲಿ ಒಲೆಗೆ ಗಾರೆ ಹಾಕಿ ಕೂರಿಸಿದ ಹಂಡೆಯಿತ್ತು. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದೆವು. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೇ ಉರುವಲು. ಹಂಡೆಯ ಬಾಯಿ ನನ್ನ ಗದ್ದಕ್ಕೆ ಬರುತ್ತಿತ್ತು. ನೀರು ತೋಡಬೇಕಾದರೆ ಕಲ್ಲು ಹತ್ತಿ ಒಳಕ್ಕೆ ಬಗ್ಗಬೇಕು. ಒಂದು ಸಲ ಕಲ್ಲು ಜಾರಿತು. ಕುದಿಯುವ ನೀರಿಗೆ ಕೈ ಮೊಣಕೈವರೆಗೆ ಹೋಗಿ ಚರ್ಮ ಸುಲಿಯಿತು. ಆವತ್ತಿನಿಂದ ನನಗೆ ಬಾಯ್ಲರಿನ ಹುಚ್ಚು. ದೊಡ್ಡಬಳ್ಳಾಪುರದ ಒಬ್ಬರ ಮನೆಯಲ್ಲಿ ಕಂಡಿದ್ದೆ. ತಾಮ್ರದ್ದು. ನಡುವೆ ಬೆಂಕಿ ಹಾಕುವ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ. ತಿರುಗಿಸಿದರೆ ಬಿಸಿನೀರು! ಬಗ್ಗುವ ಹಾಗಿಲ್ಲ, ಬೀಳುವ ಹಾಗಿಲ್ಲ.

ಗಂಡನಿಗೆ ಹೇಳಿದೆ. "ಊರೋರೆಲ್ಲ ಹಂಡೇಲೇ ನೀರು ಕಾಯಿಸ್ಕೊತಾರೆ. ಅದ್ರೊಳಗೆ ಬೀಳೋಳು ನೀನೊಬ್ಳೇ ಕಣೇ!" ಅಂದ. ಅಲ್ಲಿಗೆ ಮಾತು ಮುಗಿಯಿತು.

ಮುಂದಿನ ದೀಪಾವಳಿಗೆ ನಾಲ್ಕು ದಿನ ಮುಂಚೆ ಓರಗಿತ್ತಿ ತನ್ನ ತವರಿನವರು ಕೊಟ್ಟಿದ್ದ ಕರುವನ್ನು ಮಾರಿದಳು. "ಬಾಯ್ಲರ್ ತರಕ್ಕೆ ಹೋಗ್ತೀನಿ, ನೀನೂ ಬಾರೇ" ಅಂದಳು. ಹೇಗಿರಬೇಡ ನನಗೆ! ಸುಟ್ಟ ಕೈ ನನ್ನದು, ಬಾಯ್ಲರ್ ಅವಳದು! ಹಂಡೆಗೆ ಬೆಂಕಿ ತಳದಲ್ಲಿ, ಬಾಯ್ಲರಿಗೆ ಬೆಂಕಿ ಹೊಟ್ಟೆಯಲ್ಲಿ. ಆ ಲೆಕ್ಕಕ್ಕೆ ನಮ್ಮ ಮನೆಯ ಮೊದಲನೆಯ ಬಾಯ್ಲರ್ ನಾನೇ.

ಪಾತ್ರೆ ಅಂಗಡಿಯಲ್ಲಿ ಅವಳ ಆಟ ನೋಡಬೇಕಿತ್ತು. ತಗಡಿನದನ್ನು ಬೆರಳಲ್ಲಿ ತಟ್ಟಿ, "ಇದು ತುಕ್ಕು ಹಿಡಿಯುತ್ತೆ" ಎಂದು ಪಕ್ಕಕ್ಕೆ ನೂಕಿದಳು. ಮರದ ಹೊಟ್ಟು ತುಂಬಿ ಉರಿಸುವುದನ್ನು ತೋರಿಸಿದರೆ, "ನಮ್ಮೂರಲ್ಲಿ ಹೊಟ್ಟು ಎಲ್ಲಪ್ಪ? ಕಡ್ಡಿ ತಿನ್ನೋದು ಕೊಡು" ಅಂದಳು. ಕೊಳವೆಯೊಳಗೆ ತಲೆ ಹಾಕಿ ಕೂಗಿ ನೋಡಿದಳು. ಕೊನೆಗೆ ಅಂಗಡಿಯವನು ಎದೆಯುದ್ದದ ತಾಮ್ರದ ಬಾಯ್ಲರ್ ತಂದು, "ಅಮ್ಮಾ, ನಿಮ್ಮ ಎತ್ತರಕ್ಕೆ ಇದೇ ಸರಿ" ಅಂದ.

"ಇಷ್ಟೆತ್ತರಕ್ಕೆ ಕೊಡ ಎತ್ತಿ ಯಾರು ಸುರೀತಾರೆ?" ಅಂದಳು ಈ ತೆಂಗಿನಮರ! ಒಂದು ಗಿಡ್ಡ ಬಾಯ್ಲರಿನ ಮುಂದೆ ನೆಲದ ಮೇಲೆ ಕೂತಳು. ಭುಜ ಕುಗ್ಗಿಸಿದಳು, ಕತ್ತು ಒಳಕ್ಕೆಳೆದುಕೊಂಡಳು, ಆಮೆಯ ಹಾಗಾದಳು. ಎಡಗೈ ಚಾಚಿ ನಲ್ಲಿ ತಿರುಗಿಸಿದಳು. ಮತ್ತೆ ಮತ್ತೆ ತಿರುಗಿಸಿದಳು.

"ಏನಮ್ಮಾ, ಇಲ್ಲೇ ನೀರು ಉಯ್ಕೊಂಡು ಹೋಗ್ತೀರಾ?" ಅಂದ ಅಂಗಡಿಯವನು.

"ಸೀಗೇಪುಡಿ ಇದ್ರೆ ಕೊಡಪ್ಪ!"

ನಾನು ನಾಚಿಕೆಗೆ ಬೀದಿಗೆ ಬಂದು ನಿಂತೆ. ಇಂಥ ಹುಚ್ಚಿಗೆ ಬಾಯ್ಲರ್ ಕೊಡುವ ದೇವರು ನನಗೇಕೆ ಕೊಡಲಿಲ್ಲ? ಅವನಿಗೂ ಕುಳ್ಳಿಯರು ಕಾಣಿಸುವುದಿಲ್ಲವೇನೋ!

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಹಂಡೆಗೆ ಹಾಗಲಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಬಾವಿಯ ಹೊಸ ನೀರು ತುಂಬುವುದು ನಮ್ಮ ಪದ್ಧತಿ. ಆ ವರ್ಷ ಬಳ್ಳಿಯೆಲ್ಲ ಬಾಯ್ಲರಿಗೆ. ಓರಗಿತ್ತಿ ಮಡಿಯುಟ್ಟು, ಕೊಡ ಎತ್ತಿ, ಭಕ್ತಿಯಿಂದ ನಡುಗೊಳವೆಗೇ ಸುರಿದಳು! ನೀರು ಕೆಳಗಿನ ಜಾಲರಿಯಿಂದ ಬಳಬಳನೆ ಇಳಿದು ರಂಗೋಲಿಯನ್ನು ಎತ್ತಿಕೊಂಡು ಹೋಯಿತು.

"ತೂತು! ಅಂಗಡಿಯೋನು ತೂತಿಂದು ಕೊಟ್ಟವ್ನೆ!" ಎಂದು ಬೊಬ್ಬೆ ಹಾಕಿದಳು.

"ಅಕ್ಕಾ, ನೀನು ಒಲೇಗೆ ಸ್ನಾನ ಮಾಡಿಸ್ತಿದೀಯ" ಅಂದೆ.

ಆ ಒಂದು ಖುಷಿ ನನಗೆ ಸಂಕ್ರಾಂತಿಯವರೆಗೆ ಸಾಕಾಯಿತು.

ಹಬ್ಬದ ಮಾರನೆಯ ಬೆಳಿಗ್ಗೆ ನೀರು ಕಾದ ಮೇಲೆ, "ಮೊದಲು ನೀನು ಕೂತ್ಕೊ" ಅಂದಳು.

"ನಿನ್ನ ಬಾಯ್ಲರು, ನೀನೇ ಕೂತ್ಕೊ."

"ಸಿಡಿಯುತ್ತೋ ಇಲ್ವೋ ನೋಡ್ಬೇಕು ಕಣೇ!"

ನೋಡಿ, ಸಾಯುವುದಕ್ಕೆ ಮಾತ್ರ ನಾನು ಮೊದಲು! ಕೂತೆ. ಸಿಡಿಯಲಿಲ್ಲ. ನಲ್ಲಿ ಎಡಗೈಗೆ ತಾನಾಗಿ ಸಿಕ್ಕಿತು. ಆದರೇನು, ಬಂದ ನೆಂಟರೆಲ್ಲ ಅವಳ ಬಾಯ್ಲರ್ ಎಂದೇ ಹೊಗಳುತ್ತಿದ್ದರು. ಹುಣಿಸೆಹಣ್ಣು ಹಾಕಿ ಅದನ್ನು ತಿಕ್ಕುವಾಗ ಅದರ ಹೊಳಪಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಹುಳ್ಳಗೆ.

ಕೆಲವು ವರ್ಷಕ್ಕೆ ಅಣ್ಣತಮ್ಮಂದಿರು ಬೇರೆಯಾದರು. ನಡುವೆ ಗೋಡೆ ಎದ್ದಿತು. ಪಾತ್ರೆ ಪಡಗವನ್ನೆಲ್ಲ ಅಂಗಳಕ್ಕೆ ತಂದು ಎರಡು ಗುಡ್ಡೆ ಮಾಡುತ್ತಿದ್ದರು. ನಾನು ಬಾಯ್ಲರನ್ನೇ ನೋಡುತ್ತ ನಿಂತಿದ್ದೆ. ತವರಿನ ದುಡ್ಡಿನದು, ಪಾಲಿಗೆ ಬರುವುದಲ್ಲ. ಅದು ಹೋದರೆ ಮತ್ತೆ ನನಗೆ ಅದೇ ಹಂಡೆ, ಅದೇ ಕಲ್ಲು. ಸುಟ್ಟ ಕೈ ಆಗಲೇ ಉರಿಯತೊಡಗಿತು.

ಓರಗಿತ್ತಿ ಬಾಯ್ಲರನ್ನು ತಬ್ಬಿ ಎತ್ತಿಕೊಂಡು ಬಂದು ನಮ್ಮ ಗುಡ್ಡೆಯಲ್ಲಿ ಕುಕ್ಕಿದಳು.

"ಅತ್ತಿಗೆ, ಅದು ನಿಮ್ದಲ್ವಾ?" ಅಂದ ನನ್ನ ಗಂಡ.

"ನನ್ನ ಆಳಿಗೆ ಅದು ಆಟದ ಸಾಮಾನು ಕಣಪ್ಪ. ನಲ್ಲಿ ತಿರುಗ್ಸಕ್ಕೆ ನೆಲಕ್ಕೆ ಅಂಟ್ಕೋಬೇಕು. ನಂಗೆ ಹಂಡೇನೇ ಸರಿ, ಕಿತ್ಕೊಡಿ."

ಕುಗ್ಗಿಸಿದ ಭುಜ, ಚಾಚಿದ ಎಡಗೈ ನನ್ನ ಕಣ್ಣ ಮುಂದೆ ಬಂತು. ಅವಳು ಎಡಚಿಯಲ್ಲವಲ್ಲ!

"ಮತ್ತೆ ಯಾಕಕ್ಕ ಇದನ್ನೇ ತಂದೆ?"

"ನೀನು ಹಂಡೇಲಿ ಬಿದ್ದು ಸತ್ರೆ, ಆ ಹಂಡೆ ತಿಕ್ಕೋರ್ಯಾರೇ?"

ಈಗ ತೆಂಗಿನಮರ ಬಾಗಿದೆ. ಕೋಲೂರಿ ನಿಂತರೆ ಹೆಚ್ಚುಕಡಿಮೆ ನನ್ನೆತ್ತರ. ಹಂಡೆಗೆ ಬಗ್ಗಿದರೆ ಮತ್ತೆ ಏಳುವುದಿಲ್ಲ. ಇನ್ನೊಬ್ಬರ ಆಳು ನೋಡಿ ಬಾಯ್ಲರ್ ಆರಿಸುವ ಬುದ್ಧಿ ನನಗಿಂತ ಮೊದಲು ಅವಳಿಗೆ ಬಂತಲ್ಲ ಎಂಬ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ. ಬೆಳಿಗ್ಗೆ ಬಾಯ್ಲರಿಗೆ ಕಡ್ಡಿ ತುರುಕಿ, ಗೋಡೆಯಾಚೆಗೆ ಕೂಗುತ್ತೇನೆ:

"ಅಕ್ಕಾ, ಬಾ. ಮೊದಲು ನೀನು ಕೂತ್ಕೊ. ಸಿಡಿಯುತ್ತೋ ಇಲ್ವೋ ನೋಡ್ಬೇಕು."